ಮಂಗಳವಾರದ ಉಸಿರು

ಊದುಗೊಳವೆ ಬಂದ ಮೇಲೆ ದಾವಣಗೆರೆಯಲ್ಲಿ ಬೆಣ್ಣೆದೋಸೆ ಎರಡು ಪಾಲಾಯಿತು. ದೋಸೆ ಒಂದು ಪಥದವರಿಗೆ, ಬೆಣ್ಣೆ ಇನ್ನೊಂದು ಪಥದವರಿಗೆ. ಹೋಟೆಲಿನವರು ನಡುವೆ ಹಲಗೆಯ ಅಡ್ಡಗೋಡೆ ಎಬ್ಬಿಸಿದರು. ಎಡಗಡೆ ಎಣ್ಣೆ ಮುಟ್ಟಿಸದ ಹೆಂಚಿನ ಮೇಲೆ ಸುಟ್ಟ ದೋಸೆ. ಬಲಗಡೆ ಬಟ್ಟಲಲ್ಲಿ ಬೆಣ್ಣೆ, ಕಾಯಿಚಟ್ನಿ, ಒಂದು ಚಮಚ. ಮೊದಮೊದಲು ಊರು ನಕ್ಕಿತು. ಆಮೇಲೆ ಸಕ್ಕರೆ ಕಾಯಿಲೆ ಇಳಿಮುಖವಾಗಿದೆ ಎಂಬ ಸುದ್ದಿ ಬಂತು. ಊರು ನಗುವುದನ್ನು ಬಿಟ್ಟು, ತನ್ನ ತನ್ನ ಕಡೆಗೆ ಹೋಗಿ ಕೂತಿತು.

ಅದಕ್ಕೆ ಮುಂಚೆ ವೈದ್ಯರು ತಲೆಮಾರುಗಟ್ಟಲೆ ಜಗಳವಾಡಿದ್ದರು. ಅನ್ನ, ರೊಟ್ಟಿ, ಮುದ್ದೆ ಬಿಡಿ, ರೋಗದ ಬೇರು ಅಲ್ಲಿದೆ ಎಂದು ಒಂದು ಗುಂಪು. ತುಪ್ಪ, ಎಣ್ಣೆ, ಕೊಬ್ಬರಿ ಬಿಡಿ, ಬೇರು ಇಲ್ಲಿದೆ ಎಂದು ಇನ್ನೊಂದು. ಎರಡೂ ಕಡೆಯವರ ಹತ್ತಿರ ಗುಣವಾದವರ ಸಾಲುಸಾಲು ಫೋಟೋಗಳಿದ್ದವು. ಊದುಗೊಳವೆ ಈ ಜಗಳಕ್ಕೆ ರಾಜಿ ಪಂಚಾಯಿತಿ ಮಾಡಿತು. ನೀವಿಬ್ಬರೂ ಸರಿ, ಆದರೆ ಬೇರೆ ಬೇರೆ ಮೈಗಳಿಗೆ ಎಂದಿತು. ಹುಟ್ಟಿನಿಂದಲೇ ಕೆಲವರ ಮೈ ಹಿಟ್ಟನ್ನು ಚೆನ್ನಾಗಿ ಉರಿಸುತ್ತದೆ, ಕೆಲವರದು ಜಿಡ್ಡನ್ನು. ಯಾರದು ಯಾವುದು ಎಂದು ಉಸಿರೇ ಹೇಳುತ್ತದೆ.

ಲೆಕ್ಕ ಕಷ್ಟದ್ದಲ್ಲ. ಮೈ ಹಿಟ್ಟನ್ನು ಉರಿಸುವಾಗ ಹತ್ತು ಪಾಲು ಆಮ್ಲಜನಕ ಒಳಗೆ ಹೋದರೆ ಹತ್ತು ಪಾಲು ಇಂಗಾಲಾನಿಲ ಹೊರಗೆ ಬರುತ್ತದೆ. ಜಿಡ್ಡನ್ನು ಉರಿಸುವಾಗ ಹೊರಗೆ ಬರುವುದು ಏಳೇ ಪಾಲು. ರಾತ್ರಿ ಊಟದ ನಂತರ ಏನೂ ತಿನ್ನದೆ ಬೆಳಿಗ್ಗೆ ಎದ್ದು, ಗೇಣುದ್ದದ ಆ ಗೊಳವೆಯಲ್ಲಿ ಊದಬೇಕು. ಅಂಕಿ ಎಂಟರ ಮೇಲಿದ್ದರೆ ಕಾಳುಪಥ, ಕೆಳಗಿದ್ದರೆ ಜಿಡ್ಡುಪಥ. ಮೊದಲು ಶಿಬಿರದಲ್ಲಿ ಒಮ್ಮೆ ಊದಿ ಪಥ ಗೊತ್ತುಮಾಡಿಸಿಕೊಳ್ಳುವುದು. ಆಮೇಲೆ ಮನೆಯಲ್ಲಿ ದಿನಾ ಬೆಳಿಗ್ಗೆ ಊದುವುದು, ಪಥ ತಪ್ಪಿಲ್ಲ ಎಂದು ತೋರಿಸುವುದಕ್ಕೆ.

ನೀಲಾಂಬಿಕೆಯ ಕೆಲಸ ಆ ಉಸಿರುಗಳನ್ನು ಕಾಯುವುದು. ಪಥ ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ಪರದೆ. ಊರಿನ ಒಂದೊಂದು ಮನೆಗೂ ಒಂದೊಂದು ಚುಕ್ಕೆ; ಮನೆಯವರ ಉಸಿರು, ತೂಕ ಎರಡೂ ಅದರಲ್ಲೇ. ಮಾತಿಲ್ಲದ ಕೆಲಸವೆಂದೇ ಅವಳು ಇದನ್ನು ಹಿಡಿದಿದ್ದಳು. ಒಂದು ಊರು ಉಸಿರಾಡುವುದನ್ನು ನೋಡುತ್ತಾ ಕೂತರೆ ಅದರ ಮನಸ್ಸೂ ಇಷ್ಟಿಷ್ಟೇ ತಿಳಿಯುತ್ತದೆ ಎಂದು ಸೇರಿದ ಹೊಸದರಲ್ಲಿ ನಂಬಿದ್ದಳು. ಈಗ ಆ ನಂಬಿಕೆ ಉಳಿದಿರಲಿಲ್ಲ. ಚುಕ್ಕೆ ಹಸಿರಾಗಿದ್ದರೆ ಆ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಯಾರೂ ಕೇಳುವುದಿಲ್ಲ ಎಂಬುದಷ್ಟೇ ತಿಳಿದಿತ್ತು.

ಆ ಸೋಮವಾರ ಗಾಣದ ಬೀದಿಯ ಒಂದು ಚುಕ್ಕೆ ಕೆಂಪಾಯಿತು. ಅದು ಅವಳದೇ ಮನೆ.

ಕೊಠಡಿಯ ಮುಖ್ಯಸ್ಥ ಡಾಕ್ಟರ್ ನಜೀರ್ ತಮ್ಮ ಕುರ್ಚಿ ಬಿಟ್ಟು ಅವಳ ಮೇಜಿನ ಹತ್ತಿರ ಬಂದರು.

"ನೋಡಿದ್ರಾ ಮೇಡಂ?"

"ನೋಡಿದೆ ಸರ್. ನಮ್ಮ ಅತ್ತೆ."

"ತೂಕ ಇಳೀತಾನೇ ಇದೆ. ಇಷ್ಟು ಇಳಿದ್ರೆ ಯಂತ್ರ ತಾನಾಗೇ ಪಥ್ಯಾಲಯಕ್ಕೆ ಹೆಸರು ಕಳಿಸಿಬಿಡ್ತದೆ. ನಾನು ತಡೆಯೋಕೆ ಬರಲ್ಲ. ಶನಿವಾರ ಗಾಡಿ ಬರ್ತದೆ."

ಪಥ್ಯಾಲಯ ಊರಾಚೆ ಇತ್ತು. ತಮ್ಮ ಪಥದಲ್ಲಿದ್ದೂ ಸೊರಗುವವರು ಕದ್ದು ಏನೋ ತಿನ್ನುತ್ತಿರಬೇಕು, ಇಲ್ಲವೇ ಸರಿಯಾಗಿ ತಿನ್ನುತ್ತಿಲ್ಲ ಎಂಬುದು ಮಂಡಳಿಯ ಲೆಕ್ಕ. ಅಂಥವರನ್ನು ಅಲ್ಲಿಟ್ಟು, ತೂಗಿ ಬಡಿಸಿ, ಎದುರು ನಿಂತು ತಿನ್ನಿಸುತ್ತಿದ್ದರು. ಮೂರು ತಿಂಗಳು ಮನೆಯವರು ಗಾಜಿನಾಚೆಯಿಂದ ಮಾತ್ರ ನೋಡಬಹುದಿತ್ತು. ಹೋದವರು ಕೆನ್ನೆ ತುಂಬಿಕೊಂಡು ವಾಪಸಾಗುತ್ತಿದ್ದುದು ನಿಜ. ಆದರೆ ಗಾಣದ ಬೀದಿಯಿಂದ ಹೋಗಿ ಬಂದ ಇಬ್ಬರು ಮುದುಕಿಯರು ಆಮೇಲೆ ಜಗಲಿಗೆ ಬಂದು ಕೂತದ್ದನ್ನು ಯಾರೂ ನೋಡಿರಲಿಲ್ಲ.

"ಕದ್ದು ತಿನ್ನೋ ಪೈಕಿ ಅಲ್ಲ ಸರ್ ಅವರು," ಎಂದಳು ನೀಲಾಂಬಿಕೆ.

"ಗೊತ್ತಮ್ಮ. ಕದ್ದು ತಿಂದಿದ್ರೆ ಇಷ್ಟು ಇಳೀತಿರಲಿಲ್ಲ," ಎಂದರು ನಜೀರ್.

ಸಂಜೆ ಮನೆಗೆ ಬಂದಾಗ ಅತ್ತೆ ಸರ್ವಮಂಗಳಮ್ಮ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದರು. ಒಂದು ಕಾಲಕ್ಕೆ ಮೊರ ತುಂಬ ಮಂಡಕ್ಕಿ ಒಗ್ಗರಣೆ ಹಾಕಿ ಬೀದಿಗೆಲ್ಲ ಹಂಚುತ್ತಿದ್ದ ಕೈಯಲ್ಲಿ ಈಗ ಬಳೆ ಮೊಣಕೈವರೆಗೂ ಜಾರುತ್ತಿತ್ತು. ಅವರದು ಜಿಡ್ಡುಪಥ. ಕಾಯಿ, ಶೇಂಗಾ, ಬೆಣ್ಣೆ, ಪನೀರು, ಸೊಪ್ಪು. ರೊಟ್ಟಿಯಿಲ್ಲ, ಅನ್ನವಿಲ್ಲ, ಮಂಡಕ್ಕಿಯಂತೂ ಇಲ್ಲವೇ ಇಲ್ಲ. ಬಡಿಸಿದ್ದನ್ನು ಬೇಡ ಎನ್ನುತ್ತಿರಲಿಲ್ಲ. ನಾಲ್ಕು ತುತ್ತು ತಿಂದು, ಉಳಿದದ್ದನ್ನು ತಟ್ಟೆಯ ಒಂದು ಬದಿಗೆ ಸರಿಸಿ, ಸಾಕಾಯ್ತು ಎನ್ನುತ್ತಿದ್ದರು.

ನೀಲಾಂಬಿಕೆಯದೂ ಜಿಡ್ಡುಪಥವೇ. ವಿಚಿತ್ರವೆಂದರೆ ಅವಳಿಗದು ಹೊಂದಿಬಿಟ್ಟಿತ್ತು. ಹೊಟ್ಟೆ ಹಗುರ, ತಲೆ ಹಗುರ. ಮೂವತ್ತರಲ್ಲೇ ಅಂಟಿಕೊಂಡಿದ್ದ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟುಹೋಗಿತ್ತು. ಅವಳ ಗಂಡ ಶಶಿಧರ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಅವನದು ಕಾಳುಪಥ, ಒಗ್ಗರಣೆ ಕಾಣದ ಬೇಳೆಸಾರು. ಅವನು ಅಡುಗೆಮನೆಯಲ್ಲಿ ಉಣ್ಣುತ್ತಿದ್ದ, ಹೆಂಗಸರಿಬ್ಬರೂ ಪಡಸಾಲೆಯಲ್ಲಿ. ಒಬ್ಬರ ತಟ್ಟೆಯ ವಾಸನೆ ಇನ್ನೊಬ್ಬರಿಗೆ ಆಸೆ ಹುಟ್ಟಿಸಬಾರದೆಂದು ಮಂಡಳಿಯೇ ಕೊಟ್ಟ ಸಲಹೆ ಅದು. ಮೊದಲು ಊಟದ ಹೊತ್ತಿಗೆ ಆಗುತ್ತಿದ್ದ ಮಾತು ಆಮೇಲೆ ಯಾವ ಹೊತ್ತಿಗೂ ಆಗಲಿಲ್ಲ. ಜಗಳವೂ ಇರಲಿಲ್ಲ. ಜಗಳವಾಡುವುದಕ್ಕೂ ಎದುರುಬದುರು ಕೂರಬೇಕಲ್ಲ.

ಶನಿವಾರದ ಸುದ್ದಿಯನ್ನು ಅವಳೇ ಹೇಳಿದಳು. ಶಶಿಧರ ಸಾರಿನ ಪಾತ್ರೆ ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ನನ್ನ ಕರ್ಕೊಂಡು ಹೋಗ್ತಾರಂತಾ?" ಎಂದರು ಸರ್ವಮಂಗಳಮ್ಮ, ಬತ್ತಿಯಿಂದ ಕಣ್ಣೆತ್ತದೆ. "ಹೋಗ್ಲಿ ಬಿಡು. ಬಸ್ ಚಾರ್ಜು ಉಳೀತು."

"ಅವ್ವ, ತಮಾಷೆ ಅಲ್ಲ ಇದು," ಎಂದ ಶಶಿಧರ.

"ನಾನೆಲ್ಲಿ ನಕ್ಕೆನೋ."

ನೀಲಾಂಬಿಕೆ ಅವರ ಮುಂದೆ ಕೂತಳು. "ಅತ್ತೆ, ಇನ್ನೂ ಐದು ದಿನ ಇದೆ. ಈ ಐದು ದಿನದಾಗೆ ಒಂದು ಸ್ವಲ್ಪ ತೂಕ ಏರಿದ್ರೂ ನಜೀರ್ ಸರ್ ಮಾತಾಡಿ ನೋಡ್ತಾರೆ. ಇವತ್ತು ರಾತ್ರಿಯಿಂದಾನೇ ಶುರು ಮಾಡೋಣ. ಪನೀರ್ ಹುರಿದು ಕೊಡ್ತೀನಿ."

"ಇವತ್ತು ಬೇಡವ್ವ. ಸೋಮವಾರ."

ಅದು ನೀಲಾಂಬಿಕೆಗೆ ಗೊತ್ತಿತ್ತು. ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಗೊತ್ತಿರುವ ಹಾಗೆ ಗೊತ್ತಿತ್ತು. ಆದ್ದರಿಂದಲೇ ಅದರ ಬಗ್ಗೆ ಯೋಚಿಸಿರಲಿಲ್ಲ. ಸೋಮವಾರ ಅತ್ತೆಯದು ಒಪ್ಪತ್ತು: ಮಧ್ಯಾಹ್ನ ಒಂದೇ ಊಟ, ರಾತ್ರಿಗೆ ನೀರು. ಬೀದಿಯ ಅರ್ಧಕ್ಕರ್ಧ ಹೆಂಗಸರದೂ ಹಾಗೇ.

"ಮೈಯಾಗೆ ರಕ್ತ ಇಲ್ಲ, ಇದರ ಮೇಲೆ ಒಪ್ಪತ್ತು ಬೇರೆ," ಎಂದ ಶಶಿಧರ.

"ಮದುವೆಯಾಗಿ ಬಂದಾಗಿಂದ ಬಿಟ್ಟಿಲ್ಲ, ಈಗ ಬಿಡ್ತೀನಾ? ಆ ಶಿಬಿರದ ದಿನಾನೂ ಹಂಗೇ ಹೋಗಿ ಊದಿ ಬಂದೆ. ಹೊಟ್ಟೆ ಖಾಲಿ ಇರ್ಬೇಕು ಅಂದಿದ್ರಲ್ಲ, ನಂದು ಪೂರಾ ಖಾಲಿ ಇತ್ತು. ಆ ಹುಡುಗಿ ನನ್ನ ಅಂಕಿ ನೋಡಿ, 'ಅಜ್ಜಿ, ನಿಮ್ಮದು ಶುದ್ಧ ಜಿಡ್ಡು' ಅಂದ್ಲು."

ನೀಲಾಂಬಿಕೆ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಶಿಬಿರ ಕಲ್ಯಾಣ ಮಂಟಪದಲ್ಲಿ ನಡೆದಿತ್ತು. ಅಂದು ಮಂಗಳವಾರ. ಮಂಗಳವಾರ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಮಂಟಪಗಳು ಖಾಲಿ ಬಿದ್ದಿರುತ್ತವೆ. ಅದಕ್ಕೇ ಊರಿನ ಮುಕ್ಕಾಲು ಪಾಲು ಶಿಬಿರಗಳು ಮಂಗಳವಾರವೇ ನಡೆದಿದ್ದವು. ರಾತ್ರಿ ಊಟವಾದ ಮೇಲೆ ಏನೂ ತಿನ್ನಬೇಡಿ ಎಂದಿದ್ದರು. ರಾತ್ರಿ ಊಟವನ್ನೇ ಮಾಡದವರ ವಿಚಾರ ಯಾರಿಗೂ ಹೊಳೆದಿರಲಿಲ್ಲ. ಹೆಂಗಸರು ತಾವಾಗಿ ಹೇಳಿರಲಿಲ್ಲ. ವ್ರತವನ್ನು ಸಾರಿಕೊಂಡು ತಿರುಗುವುದು ಅವರ ಪದ್ಧತಿಯಾಗಿರಲಿಲ್ಲ.

ಮಧ್ಯಾಹ್ನ ಉಂಡ ಹಿಟ್ಟು ಬೆಳಗಿನ ಹೊತ್ತಿಗೆ ಕರಗಿಹೋಗಿರುತ್ತದೆ. ಆಮೇಲೆ ಮೈ ಉರಿಸುವುದಕ್ಕೆ ಉಳಿಯುವುದು ಜಿಡ್ಡೇ, ಅದು ಯಾರ ಮೈಯಾದರೂ ಸರಿ.

ಇನ್ನೊಂದು ನೆನಪು ಅದರ ಹಿಂದೆಯೇ ಬಂತು. ಆ ಶಿಬಿರದ ಹಿಂದಿನ ರಾತ್ರಿ ಅವಳೂ ಉಂಡಿರಲಿಲ್ಲ. ಗಂಡನ ಮೇಲೆ ಏನಕ್ಕೋ ಮುನಿಸಿಕೊಂಡು ಹಾಗೇ ಮಲಗಿದ್ದಳು. ಏನಕ್ಕೆ ಎಂಬುದು ಈಗ ಎಷ್ಟು ತಡಕಿದರೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮುಂಚೆ ಕೊಠಡಿಗೆ ಹೋದಳು. ಪ್ರತಿ ಮಂಗಳವಾರ ಬೆಳಿಗ್ಗೆ ಪರದೆಯಲ್ಲಿ ಇಡೀ ಊರಿನ ಅಂಕಿಗಳ ಗೆರೆ ಒಂದು ಕೂದಲೆಳೆ ಕುಸಿದು ಬುಧವಾರ ಮೇಲೇಳುತ್ತಿತ್ತು. ಯಂತ್ರ ಅದನ್ನು 'ವಾರದ ಏರಿಳಿತ' ಎಂದು ಕರೆದು ತಾನೇ ಇಸ್ತ್ರಿ ಮಾಡಿ ನೇರ ಮಾಡುತ್ತಿತ್ತು. ಅವಳು ಇಸ್ತ್ರಿ ತೆಗೆಸಿದಳು. ಕುಸಿಯುತ್ತಿದ್ದುದು ಯಾರು ಎಂದು ಕೇಳಿದಳು. ಶಾಲೆಗಳಲ್ಲಿ ಭಾನುವಾರ ಶಿಬಿರ ನಡೆದಿದ್ದ ಕೆಲವು ಬಡಾವಣೆಗಳು ಎದ್ದು ನಿಂತವು. ಅಲ್ಲಿನ ಹೆಂಗಸರಿಗೆ ಕಾಳುಪಥ ಬಂದಿತ್ತು. ಅವರು ಪ್ರತಿ ಮಂಗಳವಾರ ಬೆಳಿಗ್ಗೆ ಅಪ್ಪಟ ಜಿಡ್ಡುಪಥದವರಂತೆ ಉಸಿರಾಡಿ, ಬುಧವಾರ ಮತ್ತೆ ಕಾಳುಪಥಕ್ಕೆ ಮರಳುತ್ತಿದ್ದರು.

ನಜೀರ್ ಕನ್ನಡಕ ಹಣೆಗೇರಿಸಿಕೊಂಡು ಪರದೆಯ ಮೇಲಿನ ಬಡಾವಣೆಗಳ ಹೆಸರನ್ನು ಒಂದೊಂದಾಗಿ ಓದಿದರು. ಮಂಡಳಿ ಹುಟ್ಟಿದಾಗಿನಿಂದ ಅದರಲ್ಲಿದ್ದ ಮನುಷ್ಯ. ಅವರು ಸಿಟ್ಟಾಗಬಹುದು ಎಂದು ನೀಲಾಂಬಿಕೆ ಎಣಿಸಿದ್ದಳು.

"ನಮ್ಮ ಬೀದಿ ಶಿಬಿರ ರಂಜಾನ್ ತಿಂಗಳಲ್ಲಿ ಬಿದ್ದಿತ್ತು," ಎಂದರು ಅವರು. "ಉಪವಾಸ ಇದ್ದಾರೆ, ಅಂಕಿ ಸರಿ ಬರಲ್ಲ ಅಂತ ನಾನೇ ಮುಂದಕ್ಕೆ ಹಾಕಿಸ್ದೆ. ಆ ಉಪವಾಸ ಊರಿಗೆಲ್ಲ ಕಾಣ್ತದೆ, ಬಾಂಗ್ ಕೂಗಿ ಬಿಡಿಸ್ತಾರೆ. ಈ ಸೋಮವಾರದ್ದು ನಮಗೆ ಯಾರಿಗೂ ಕಾಣಲೇ ಇಲ್ಲ ನೋಡಿ."

"ನಮ್ಮ ಮನೇಲೇ ಇತ್ತು ಸರ್. ನನಗೂ ಕಾಣಲಿಲ್ಲ."

"ಅಂದ್ರೆ ಗೊಳವೆ ಮೈ ಯಾವ ಥರದ್ದು ಅಂತ ಹೇಳ್ತಿಲ್ಲ. ನಿನ್ನೆ ರಾತ್ರಿ ಏನಾಯ್ತು ಅನ್ನೋದನ್ನ ಹೇಳ್ತಿದೆ."

"ಹಾಗಾದ್ರೆ ಸಕ್ಕರೆ ಕಾಯಿಲೆ ಇಳಿದಿದ್ದು? ನನಗೇ ವಾಸಿ ಆಗಿದೆಯಲ್ಲ ಸರ್."

ನಜೀರ್ ಕುರ್ಚಿ ಎಳೆದುಕೊಂಡು ಕೂತರು. "ಎರಡು ಪಥದವರಿಗೂ ಒಟ್ಟಿಗೆ ಬಿಡಿಸಿದ್ದು ಏನು ಹೇಳಿ? ಬೇಕರಿ ತಿಂಡಿ, ಬಾಟಲಿ ಪಾನಕ, ಮೈದಾ, ಹೊತ್ತು ಗೊತ್ತಿಲ್ಲದೆ ಬಾಯಾಡಿಸೋದು. ಎರಡರಲ್ಲೂ ಜಾಸ್ತಿ ಮಾಡಿದ್ದು ಸೊಪ್ಪು ತರಕಾರಿ. ಕೆಲಸ ಮಾಡಿದ್ದು ಅದಿರಬೇಕು. ಮಿಕ್ಕಿದ್ದು, ಯಾರಿಗೆ ಯಾವ ಊಟ ಬಹಳ ದಿನ ಉಣ್ಣೋಕೆ ಸಾಧ್ಯವೋ ಅದು. ನಿಮಗೆ ಇದು ಸೇರ್ತು, ಉಂಡ್ರಿ. ನಿಮ್ಮ ಅತ್ತೆಗೆ ಸೇರಲಿಲ್ಲ, ಉಣ್ಣಲಿಲ್ಲ. ಇಷ್ಟು ಸಣ್ಣ ಮಾತಿಗೆ ಊರನ್ನೇ ಸೀಳಿಬಿಟ್ವಿ."

ಮಂಡಳಿಗೆ ಇದನ್ನೆಲ್ಲ ತಿಳಿಸಿ ಒಪ್ಪಿಸುವುದಕ್ಕೆ ವಾರಗಳು ಬೇಕು. ಗಾಡಿ ಶನಿವಾರ ಬರುತ್ತದೆ. ನಿಯಮದಲ್ಲಿ ಒಂದೇ ಒಂದು ದಾರಿಯಿತ್ತು: ಕರೆದೊಯ್ಯಲು ಬಂದವರ ಎದುರಿಗೆ ಊದಿದಾಗ ಅಂಕಿ ಬೇರೆ ಪಥದ್ದು ಬಂದರೆ, 'ಪಥ ನಿರ್ಣಯದಲ್ಲಿ ಸಂಶಯ' ಎಂದು ತಡೆಯಬಹುದು.

"ಇವತ್ತು ರಾತ್ರಿಯಿಂದ ಅನ್ನ ಉಣ್ಣಿಸಿ," ಎಂದರು ನಜೀರ್. "ಆದರೆ ಒಂದು ಮಾತು. ಇಷ್ಟು ದಿನ ಜಿಡ್ಡಿನ ಮೇಲಿದ್ದ ಮೈ ಒಂದೇ ರಾತ್ರಿಗೆ ಹೊರಳಲ್ಲ. ಮೊದಲು ಹಿಟ್ಟಿನ ಉಗ್ರಾಣ ತುಂಬಬೇಕು. ಶನಿವಾರದ ಹೊತ್ತಿಗೆ ಹೊರಳದೆ ಅರ್ಧದಾರೀಲಿ ನಿಂತುಬಿಟ್ರೆ ಪಥ ತಪ್ಪಿಸಿದ್ದೂ ಸೇರ್ಕೊಳ್ತದೆ. ಆಗ ಮೂರು ತಿಂಗಳಲ್ಲ, ಆರು."

ಆ ಸಂಜೆ ನೀಲಾಂಬಿಕೆ ಪರದೆಯಲ್ಲಿ ಕಂಡದ್ದನ್ನೂ ಶನಿವಾರದ ಉಪಾಯವನ್ನೂ ಮನೆಯವರಿಬ್ಬರಿಗೂ ಹೇಳಿ, ಗಂಡನ ಪಾಲಿನ ಅಕ್ಕಿಯಲ್ಲಿ ಒಂದು ಹಿಡಿ ಹೆಚ್ಚಿಗೆ ಬೇಯಿಸಿದಳು. ಸರ್ವಮಂಗಳಮ್ಮ ತಟ್ಟೆಯಲ್ಲಿ ಆವಿಯಾಡುವ ಅನ್ನವನ್ನು ನೋಡಿ ಸೊಸೆಯ ಮುಖ ನೋಡಿದರು.

"ಇದು ತಪ್ಪಲ್ಲೇನವ್ವ? ನೀನು ಮಾಡೋ ನೌಕರಿ ಇದನ್ನ ಹಿಡಿಯೋದು."

"ಹೌದು ಅತ್ತೆ. ನಾಳೆ ಬೆಳಿಗ್ಗೆ ನಾನೇ ಹಿಡೀತೀನಿ. ನೀವು ಉಣ್ಣಿ."

"ಹೊರಳದಿದ್ರೆ?"

ನೀಲಾಂಬಿಕೆ ಆರು ತಿಂಗಳ ವಿಷಯ ಹೇಳಿದಳು. ಮುಚ್ಚಿಡಬಾರದು ಎನಿಸಿತು. ಮುದುಕಿ ಸಾರನ್ನು ಅನ್ನದ ಮೇಲೆ ಸುರಿದುಕೊಂಡರು.

"ಮೂರೂ ಆರೂ ನನ್ನ ವಯಸ್ಸಿಗೆ ಒಂದೇ," ಎಂದು ಮೊದಲ ತುತ್ತು ಕಲಸಿದರು. ಸಾರಿಗೆ ಉಪ್ಪು ಕಮ್ಮಿ ಎಂದರು. ಆ ಮನೆಯಲ್ಲಿ ಅಡುಗೆಯ ಬಗ್ಗೆ ಯಾರಾದರೂ ಕೊರತೆ ಹೇಳಿ ಎಷ್ಟೋ ಕಾಲವಾಗಿತ್ತು.

ಬುಧವಾರ ಅಂಕಿ ಕದಲಲಿಲ್ಲ. ಗುರುವಾರ ಕೊಂಚ ಏರಿತು, ಶುಕ್ರವಾರ ಮತ್ತೂ ಕೊಂಚ. ಎಂಟರ ಗೆರೆ ಇನ್ನೂ ಮೇಲೇ ಇತ್ತು. ಕೊಠಡಿಯ ಪರದೆಯಲ್ಲಿ ಗಾಣದ ಬೀದಿಯ ಚುಕ್ಕೆ ಕೆಂಪಗೆ ಮಿಣುಕುತ್ತಿತ್ತು. ನೀಲಾಂಬಿಕೆ ಅದನ್ನು ನೋಡುತ್ತಾ, ಸುಮ್ಮನೆ ಪಥ್ಯಾಲಯಕ್ಕೆ ಕಳಿಸಿದ್ದರೆ ಮೂರು ತಿಂಗಳಿಗೆ ಮುಗಿಯುತ್ತಿತ್ತಲ್ಲ ಎಂದುಕೊಂಡಳು. ನಜೀರ್ ಆ ಕಡೆ ನೋಡದೆ ಓಡಾಡಿದರು. ಪಥ ತಪ್ಪಿದ ವರದಿಯನ್ನು ತಕ್ಷಣ ಕಳಿಸುವುದು ಅವರ ಕರ್ತವ್ಯವಾಗಿತ್ತು. ಈ ವಾರ ಅವರಿಗೆ ಪುರುಸೊತ್ತೇ ಆಗಲಿಲ್ಲ.

ಶುಕ್ರವಾರ ರಾತ್ರಿ ಊಟಕ್ಕೆ ಕರೆದಾಗ ಶಶಿಧರ ಬರಲಿಲ್ಲ.

"ನಂಗೆ ಬೇಡ," ಎಂದ. "ಮಧ್ಯಾಹ್ನದಿಂದ ಏನೂ ತಿಂದಿಲ್ಲ."

"ಯಾಕ್ರೀ, ಹುಷಾರಿಲ್ವಾ?"

"ಅವ್ವನ ಅಂಕಿ ಮೇಲೇರಿದ್ರೆ ಆ ಜನ ಏನೋ ಆಕಸ್ಮಿಕ ಅಂತಾರೆ. ಅಪ್ಪಟ ಕಾಳುಪಥದೋನು ಒಬ್ಬ ಅದೇ ಬೆಳಿಗ್ಗೆ ಕೆಳಗಿಳಿದ್ರೆ ಏನಂತಾರೆ, ನೋಡೋಣ."

ಅವಳು ಅವನನ್ನು ನೋಡಿದಳು. ಹಸಿವು ತಡೆಯದ ಮನುಷ್ಯ. ಮದುವೆಯ ದಿನ ಮುಹೂರ್ತ ತಡವಾಯಿತೆಂದು ಮಂಟಪದಲ್ಲೇ ಬಾಳೆಹಣ್ಣು ಸುಲಿದವನು.

"ಬೆಳಗಿನವರೆಗೂ ಇರ್ತೀರಾ?"

"ನೀನು ಎದುರಿಗೆ ಕೂತು ಮಾತಾಡಿದ್ರೆ ಇರ್ತೀನಿ," ಎಂದ ಅವನು. ಹೇಳಿದ ಮೇಲೆ ತಾನೇ ಸ್ವಲ್ಪ ನಾಚಿದ. ಅವಳು ಕೂತಳು. ಏನು ಮಾತಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಆದರೂ ಇಷ್ಟು ದಿನ ಗೋಡೆಯ ಆಚೆ ಈಚೆ ಇದ್ದ ಮೌನದ ಹಾಗಿರಲಿಲ್ಲ ಅದು. ಒಳಗಿನಿಂದ ಸರ್ವಮಂಗಳಮ್ಮ, "ಒಂದು ರಾತ್ರಿ ಉಪವಾಸಕ್ಕೆ ಇಷ್ಟು ಉಪಚಾರ ಬೇಕಾ ಅವನಿಗೆ? ನಂಗೊಂದು ದಿನ ಯಾರಾದ್ರೂ ಹಿಂಗೆ ಕೂತಿದ್ರಾ?" ಎಂದರು.

ಶನಿವಾರ ಬೆಳಿಗ್ಗೆ ಬಿಳಿ ಗಾಡಿ ಬೀದಿಯ ತಿರುವಿನಲ್ಲೇ ನಿಂತಿತು. ಪಥ್ಯಾಲಯದ ಮೇಲ್ವಿಚಾರಕಿ ಪ್ರಫುಲ್ಲಾ ಒಬ್ಬ ಸಹಾಯಕನೊಂದಿಗೆ ಬಂದಳು. ಒರಟು ಹೆಂಗಸೇನಲ್ಲ. ಚಪ್ಪಲಿ ಹೊರಗೆ ಬಿಟ್ಟು, "ಅಜ್ಜಿ, ಬಟ್ಟೆ ಎಲ್ಲ ತಗೊಂಡಿದ್ದೀರಾ?" ಎಂದು ಕೇಳಿದಳು.

"ಮೊದಲು ಊದಿಸಬೇಕಲ್ಲ," ಎಂದಳು ನೀಲಾಂಬಿಕೆ. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು.

"ಅದೊಂದು ಶಾಸ್ತ್ರ ಮೇಡಂ. ಊದಿಸೋಣ."

ಸರ್ವಮಂಗಳಮ್ಮ ಗೊಳವೆ ಹಿಡಿದು, ಕಣ್ಣು ಮುಚ್ಚಿ ಊದಿದರು. ನಿಧಾನ, ದೀರ್ಘ ಉಸಿರು. ಅಂಕಿ ಓಡಾಡಿತು. ಏಳೂ ಮುಕ್ಕಾಲು. ಎಂಟು. ಅಲ್ಲೇ ತುಯ್ದಾಡಿತು. ಶಶಿಧರ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ. ಎಂಟೂ ಕಾಲಿಗೆ ಹೋಗಿ ನಿಂತಿತು.

ಪ್ರಫುಲ್ಲಾ ಗೊಳವೆಯನ್ನು ಒರೆಸಿ ಇನ್ನೊಮ್ಮೆ ಊದಿಸಿದಳು. ಎಂಟೂ ಕಾಲು.

"ಅನ್ನ ತಿಂದಿದ್ದೀರಿ ಅಜ್ಜಿ."

"ತಿಂದೀನವ್ವ. ಮಂಗಳವಾರದಿಂದ, ಮೂರು ಹೊತ್ತೂ."

"ಅದು ಪಥ ತಪ್ಪಿದ್ದಾಯ್ತು."

"ಜಿಡ್ಡಿಗೇ ಹುಟ್ಟಿದ ಮೈ ಅನ್ನ ತಿಂದರೆ ಒದ್ದಾಡಬೇಕು, ಹೀಗೆ ಉರಿಸಬಾರದು. ನಿಮ್ಮ ಕೈಪಿಡಿಯಲ್ಲೇ ಹಾಗಿದೆ," ಎಂದಳು ನೀಲಾಂಬಿಕೆ. "ಈಗ ಇವರನ್ನೂ ಊದಿಸಿ. ಊರಿಗೇ ಗೊತ್ತಿರೋ ಕಾಳುಪಥ."

ಶಶಿಧರ ಊದಿದ. ಪ್ರಫುಲ್ಲಾ ಅಂಕಿ ನೋಡಿದಳು. ಏಳೂ ಕಾಲು. ಅವನ ಮುಖ ನೋಡಿದಳು.

"ನೀವು ಏನು ತಿಂದ್ರಿ?"

"ಏನೂ ಇಲ್ಲ," ಎಂದ ಶಶಿಧರ. ಅವನ ಧ್ವನಿಯಲ್ಲಿ ನಿಜವಾದ ದುಃಖವಿತ್ತು. ಸಹಾಯಕ ನಕ್ಕುಬಿಟ್ಟ.

ಪ್ರಫುಲ್ಲಾ ನಗಲಿಲ್ಲ. ಗೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಳು. "ನಾನೂ ಸೋಮವಾರ ಮಾಡ್ತೀನಿ," ಎಂದಳು, ಯಾರಿಗೂ ಅಲ್ಲದ ಹಾಗೆ. ಯಾರೂ ಅವಳಿಗೆ ಸೋಮವಾರದ ಮಾತೆತ್ತಿರಲಿಲ್ಲ. "ನಮ್ಮ ಪಥ್ಯಾಲಯದಾಗೆ ಇರೋ ಅಜ್ಜಿಯರೆಲ್ಲ ಜಿಡ್ಡುಪಥದೋರೇ. ಕಾಳಿನೋರು ಒಬ್ಬರೂ ಇಲ್ಲ. ಸೋಮವಾರ ರಾತ್ರಿ ತಿನ್ನಲ್ಲ ಅಂತ ಹಟ ಮಾಡ್ತಾರೆ. ಎದುರಿಗೆ ನಿಂತು ತಿನ್ನಿಸ್ತೀವಿ." ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಎದ್ದು ಹೊರಗೆ ಹೋಗಿ ನಜೀರ್ ಅವರಿಗೆ ಫೋನು ಮಾಡಿದಳು. ಬಹಳ ಹೊತ್ತು ಮಾತಾಡಿದಳು.

ಸಂಶಯದ ತಡೆ ಹತ್ತು ಗಂಟೆಗೆ ಬಂತು. ಪಥ್ಯಾಲಯದಲ್ಲಿದ್ದ ಎಲ್ಲರಿಗೂ ಅಲ್ಲಿಯವರೆಗೆ ಅನ್ನ ಕೊಟ್ಟು, ಗುರುವಾರ ಮತ್ತೆ ಊದಿಸಬೇಕೆಂದು ಪ್ರಫುಲ್ಲಾಳ ಹೆಸರಲ್ಲೇ ಮಂಡಳಿಗೆ ಕೋರಿಕೆ ಹೋಯಿತು. ಮಂಡಳಿ ಒಪ್ಪುತ್ತದೋ, ಹಳೆಯ ಎರಡು ಗುಂಪುಗಳು ಮತ್ತೆ ಜಗಳಕ್ಕೆ ನಿಲ್ಲುತ್ತವೋ ಯಾರಿಗೂ ಗೊತ್ತಿರಲಿಲ್ಲ. ಗಾಡಿ ಮಾತ್ರ ಖಾಲಿ ಹೋಯಿತು. ಬೀದಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ಅದು ಖಾಲಿ ಹೋಗುವುದನ್ನು ನೋಡಿದರು.

ಮಧ್ಯಾಹ್ನ ನೀಲಾಂಬಿಕೆ ಪಡಸಾಲೆಯಲ್ಲಿ ಮೂರು ತಟ್ಟೆ ಹಾಕಿದಳು. ತನ್ನ ತಟ್ಟೆಗೆ ಎಂದಿನಂತೆ ಪನೀರು, ಪುಂಡಿಸೊಪ್ಪು. ಅವಳಿಗೆ ಅದೇ ಹಿತ, ಬಿಡುವ ಕಾರಣ ಕಾಣಲಿಲ್ಲ. ಶಶಿಧರನ ಬೇಳೆಸಾರಿಗೆ ಇಂಗು, ಕರಿಬೇವಿನ ಒಗ್ಗರಣೆ ಬಿತ್ತು. ಅವನು ಮೊದಲ ಐದು ನಿಮಿಷ ಯಾರೊಂದಿಗೂ ಮಾತಾಡಲಿಲ್ಲ, ತಲೆಯೆತ್ತಲಿಲ್ಲ.

"ನಿಧಾನ ಉಣ್ಣೋ. ಯಾರೂ ಕಸ್ಕೊಳಲ್ಲ," ಎಂದರು ಸರ್ವಮಂಗಳಮ್ಮ.

ನೀಲಾಂಬಿಕೆ ಓರೆಗಣ್ಣಲ್ಲಿ ಅತ್ತೆಯ ತಟ್ಟೆ ನೋಡುತ್ತಿದ್ದಳು. ನಾಲ್ಕನೆಯ ತುತ್ತಾಯಿತು. ಅಲ್ಲಿಗೆ ಕೈ ನಿಂತಿತು. ಮುದುಕಿ ಉಳಿದ ಸಾರನ್ನವನ್ನು ಬೆರಳಿನಿಂದ ತಟ್ಟೆಯ ಒಂದು ಬದಿಗೆ ಸರಿಸಿದರು, ದಿನಾ ಮಾಡುತ್ತಿದ್ದ ಹಾಗೇ. ನೀಲಾಂಬಿಕೆ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು.

ಸರ್ವಮಂಗಳಮ್ಮ ತಟ್ಟೆಯ ಖಾಲಿಯಾದ ಬದಿಯನ್ನು ಸೊಸೆಯ ಕಡೆಗೆ ತಿರುಗಿಸಿದರು.

"ಇಲ್ಲಿಗೆ ಇನ್ನಿಷ್ಟು ಬಿಸಿದು ಹಾಕೇ," ಎಂದರು. "ಮೊಸರಿಗೆ."